ನಾಲ್ಕೂ ಗಾಲಿ ಎಳೆಯುವುದು ಯಾವಾಗ?

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಈಗ ಕಲ್ಯಾಣ ಮಂಟಪದ ಮುಂದೆ, ಸಕ್ಕರೆ ಕಾರ್ಖಾನೆಯ ಗೇಟಿನ ಬಳಿ, ಸಂಕೇಶ್ವರದ ಹೆದ್ದಾರಿ ಹೋಟೆಲುಗಳ ಅಂಗಳದಲ್ಲಿ ಥಾರ್, ಸ್ಕಾರ್ಪಿಯೊ, ಫಾರ್ಚೂನರ್‌ಗಳು ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಒಂದಿಷ್ಟಕ್ಕೆ ಎಂಜಿನ್ನಿನ ಬಲವನ್ನು ನಾಲ್ಕೂ ಗಾಲಿಗೆ ಹಂಚುವ ವ್ಯವಸ್ಥೆ ಇದೆ. ಆ ವ್ಯವಸ್ಥೆಗಾಗಿ ಮಾಲೀಕ ಲಕ್ಷಾಂತರ ರೂಪಾಯಿ ಹೆಚ್ಚಿಗೆ ಕೊಟ್ಟಿರುತ್ತಾನೆ, ಪ್ರತಿ ಕಿಲೋಮೀಟರಿಗೂ ಒಂದಿಷ್ಟು ಹೆಚ್ಚು ಡೀಸೆಲ್ ಸುಡುತ್ತಾನೆ. ಹಾಗಾದರೆ ಡಾಂಬರು ಬಿಟ್ಟು ಅವನು ಇಳಿಯುವುದು ವರ್ಷಕ್ಕೆ ಎಷ್ಟು ಸಲ?

ಈ ಪ್ರಶ್ನೆ ಜಗತ್ತಿನ ಬೇರೆ ಕಡೆ ಬಹಳ ಹಿಂದೆಯೇ ಎದ್ದಿದೆ. ಅಮೆರಿಕದ ಸ್ಟ್ರಾಟೆಜಿಕ್ ವಿಷನ್ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆ ಅಲ್ಲಿಯ ಪಿಕಪ್ ಮಾಲೀಕರನ್ನು ಕೇಳಿದಾಗ ಸುಮಾರು ಶೇ 70ರಷ್ಟು ಜನ ವರ್ಷಕ್ಕೆ ಒಂದು ಸಲ ಅಥವಾ ಅದಕ್ಕಿಂತ ಕಡಿಮೆ ರಸ್ತೆ ಬಿಟ್ಟು ಇಳಿಯುವವರು ಎಂದು ತಿಳಿದುಬಂತು. ಈ ಸಂಖ್ಯೆಯನ್ನು ಹಿಡಿದು ನಮ್ಮಲ್ಲೂ ಇಷ್ಟೇ ಎಂದುಬಿಡುವುದು ಸುಲಭ. ಆದರೆ ನೀರಾವರಿ ಕಬ್ಬಿನ ಸೀಮೆಯಲ್ಲಿ ಹೊಲ ಮನೆಯಿಂದ ಒಂದೆರಡು ಮೈಲಿ ದೂರ. ಅಲ್ಲಿಗೆ ಹೋಗುವ ದಾರಿಯ ಅರ್ಧ ಇನ್ನೂ ಮಣ್ಣು. ಇಲ್ಲಿ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಅದಕ್ಕೆ ಕೊಡುವ ಉತ್ತರಗಳೂ ಹಲವು, ಒಂದಕ್ಕೊಂದು ಜಗಳವಾಡುವಂಥವು. ಅವನ್ನೆಲ್ಲ ಒಂದೆಡೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಎಣಿಸಬೇಕಾದದ್ದು ಯಾವುದನ್ನು?

ಮೊದಲ ತೊಡಕು ಎಣಿಕೆಯಲ್ಲೇ ಇದೆ. ಡಾಂಬರು ಬಿಟ್ಟದ್ದೆಲ್ಲ ‘ಆಫ್‌ರೋಡ್’ ಆಗುವುದಾದರೆ ಗೋಕಾಕ ಸೀಮೆಯ ಯಾವುದೇ ರೈತನ ಸ್ಪ್ಲೆಂಡರ್ ಬೈಕು ದಿನಕ್ಕೆ ಎರಡು ಸಲ ಆಫ್‌ರೋಡ್ ಹೋಗುತ್ತದೆ. ಹಾಗಾಗಿ ದಾರಿಯ ಬದಲು ಗಾಡಿಯೊಳಗಿನ ಗೇರಿನಿಂದ ಶುರುಮಾಡುವುದು ಮೇಲು.

ಥಾರ್, ಗೂರ್ಖಾ, ಜಿಮ್ನಿ, ಹಳೆಯ ಜಿಪ್ಸಿ, ಎಂಎಂ540 ಇವೆಲ್ಲ ‘ಬೇಕಾದಾಗ ಮಾತ್ರ’ ನಾಲ್ಕು ಗಾಲಿ ಎಳೆಯುವ ಗಾಡಿಗಳು. ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳೇ ಎಳೆಯುತ್ತವೆ. ಮುಖ್ಯ ಗೇರಿನ ಪಕ್ಕದ ಸಣ್ಣ ಗೇರನ್ನು ಸರಿಸಿದರೆ ಮುಂದಿನ ಆಕ್ಸಲ್ ಹಿಂದಿನದರ ಜೊತೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಗಾಡಿ ತಿರುಗುವಾಗ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ವೃತ್ತ ಹಾಕಬೇಕು. ಮಣ್ಣಿನಲ್ಲಿ ಗಾಲಿ ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಇಡೀ ಯಂತ್ರ ಬಿಗಿದುಕೊಂಡು ನರಳುತ್ತದೆ. ಆದ್ದರಿಂದ ಈ ಗಾಡಿಗಳಲ್ಲಿ ಆ ಗೇರು ಹಾಕಿದ್ದು ಎಂದರೆ ನೆಲ ಸಡಿಲವಾಗಿತ್ತು ಎಂದೇ ಅರ್ಥ. ದಾರಿ ಎಂಥದು ಎಂಬ ವಾದಕ್ಕಿಂತ ಇದು ಹೆಚ್ಚು ನಂಬಬಹುದಾದ ಅಳತೆ.

ಈ ಅಳತೆ ಹಿಡಿದರೆ ಸಾಕ್ಷಿ ಗ್ಯಾರೇಜಿನಲ್ಲಿ ಸಿಗುತ್ತದೆ. ಹಳೆಯ ಜೀಪುಗಳಲ್ಲಿ ಕೆಳಗಿಳಿದು ಮುಂದಿನ ಗಾಲಿಯ ಹಬ್ ಅನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕಿತ್ತು. ಎಷ್ಟೋ ಗಾಡಿಗಳಲ್ಲಿ ಆ ಹಬ್ ತುಕ್ಕು ಹಿಡಿದು ತಿರುಗದ ಸ್ಥಿತಿಗೆ ಬಂದಿರುತ್ತದೆ. ‘ಫೋರ್ ವೀಲ್ ಎಂದರ ಹಾಕೀರೇನ್ರಿ?’ ಎಂದು ಮಿಸ್ತ್ರಿ ಕೇಳಿದರೆ ಮಾಲೀಕನಿಗೆ ನೆನಪಾಗುವುದಿಲ್ಲ. ತಯಾರಕರಿಗೂ ಇದು ಗೊತ್ತಿದ್ದದ್ದೇ. ಟೊಯೊಟಾದ ಹಲವು ಗಾಡಿಗಳ ಕೈಪಿಡಿಯಲ್ಲಿ ತಿಂಗಳಿಗೆ ಕನಿಷ್ಠ 16 ಕಿ.ಮೀ. ನಾಲ್ಕು ಗಾಲಿಯಲ್ಲಿ ಓಡಿಸಿ, ಇಲ್ಲದಿದ್ದರೆ ಮುಂದಿನ ಭಾಗಗಳಿಗೆ ಎಣ್ಣೆ ಮುಟ್ಟುವುದಿಲ್ಲ ಎಂಬ ಸೂಚನೆ ಇದೆ. ಬಳಸದೇ ಇರುವವರು ಕಡಿಮೆಯಿದ್ದರೆ ಬಳಸಿ ಎಂದು ನೆನಪಿಸುವ ಅಗತ್ಯವೇ ಬರುತ್ತಿರಲಿಲ್ಲ.

ಹೊಲಕ್ಕೆಂದು ಹುಟ್ಟಿ ಕಚೇರಿಗೆ ಬಂದದ್ದು

1941ರಲ್ಲಿ ಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಜೀಪು 1945ರಲ್ಲಿ ‘ಸಿಜೆ-2ಎ’ ಎಂಬ ನಾಗರಿಕ ರೂಪದಲ್ಲಿ ಮಾರುಕಟ್ಟೆಗೆ ಬಂದಾಗ ಕಂಪನಿ ಮೊದಲು ಹುಡುಕಿಕೊಂಡು ಹೋದದ್ದು ರೈತರನ್ನು. ನೇಗಿಲು ಎಳೆಯುತ್ತದೆ, ಹಿಂದಿನ ಶಾಫ್ಟಿನಿಂದ ಯಂತ್ರ ತಿರುಗಿಸುತ್ತದೆ, ಸಂಜೆ ಪೇಟೆಗೂ ಕರೆದೊಯ್ಯುತ್ತದೆ ಎಂದು ಜಾಹೀರಾತು ಮಾಡಿದರು. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಬ್ರಿಟನ್ನಿನ ಲ್ಯಾಂಡ್‌ರೋವರ್ ಕೂಡ ಹುಟ್ಟಿನಿಂದ ಹೊಲದ ಗಾಡಿಯೇ. ಅಂದರೆ ನಾಲ್ಕು ಗಾಲಿ ಎಳೆಯುವ ನಾಗರಿಕ ವಾಹನದ ಮೂಲ ಉದ್ದೇಶವೇ ದಿನವೂ ರಸ್ತೆ ಬಿಟ್ಟು ದುಡಿಯುವುದು.

ಭಾರತದಲ್ಲಿ ಆ ಪಾತ್ರ ಜೀಪಿಗೆ ಸಿಗಲಿಲ್ಲ. 1945ರಲ್ಲಿ ಶುರುವಾದ ಮಹೀಂದ್ರ ಕಂಪನಿ ಸ್ವಾತಂತ್ರ್ಯದ ಹೊತ್ತಿಗೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸುವ ಕೆಲಸಕ್ಕಿಳಿಯಿತು. ಆ ಜೀಪು ಕೊಳ್ಳುವ ಶಕ್ತಿ ಬೆಳಗಾವಿ ಸೀಮೆಯ ರೈತನಿಗೆ ಇರಲಿಲ್ಲ. ಅದು ಬಂದದ್ದು ಸರ್ಕಾರದ ಹೆಸರಿನಲ್ಲಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬ್ಲಾಕ್ ಅಧಿಕಾರಿಯ ಜೀಪು ಹಳ್ಳಿಗಳಿಗೆ ಪರಿಚಯವಾಯಿತು. ಆರೋಗ್ಯ ಕೇಂದ್ರಗಳಿಗೆ ಯುನಿಸೆಫ್ ಕೊಟ್ಟ ಜೀಪುಗಳು ಬಂದವು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿ 1977ರಲ್ಲಿ ಮುಗಿಸಿದ ರಾಜಾ ಲಖಮಗೌಡ ಜಲಾಶಯದ ಕೆಲಸ ನಡೆದ ವರ್ಷಗಳಲ್ಲಿ ಎಂಜಿನಿಯರುಗಳ ಜೀಪು ಓಡಾಡಿದ ಕಡೆ ಬಹಳಷ್ಟು ರಸ್ತೆಯೇ ಇರಲಿಲ್ಲ. ಅತ್ತ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದ್ದುದರಿಂದ ಸೇನೆಯ ಜೀಪು ಕಣ್ಣಿಗೆ ಹೊಸದಾಗಿರಲಿಲ್ಲ. ಸೇನೆ ಹರಾಜಿಗೆ ಹಾಕಿದ ‘ಡಿಸ್ಪೋಸಲ್’ ಗಾಡಿಗಳನ್ನು ಕೊಂಡು ಓಡಿಸಿದವರೂ ಇದ್ದರು.

ಹೀಗೆ ಮೊದಲ ಮೂರು ದಶಕ ಈ ಸೀಮೆಯಲ್ಲಿ ನಾಲ್ಕು ಗಾಲಿಯ ಗಾಡಿ ನಿಜವಾಗಿ ಕೆಟ್ಟ ದಾರಿಯಲ್ಲಿ ಓಡಿತು. ಆದರೆ ಓಡಿಸಿದವರಲ್ಲಿ ಹೆಚ್ಚಿನವರು ಅದರ ಒಡೆಯರಲ್ಲ, ಸರ್ಕಾರದ ಚಾಲಕರು. ಇಂದಿನ ಚರ್ಚೆಯಲ್ಲಿ ಇದನ್ನು ಮರೆಯುತ್ತೇವೆ. ಹಳ್ಳಿಯ ಮನಸ್ಸಿನಲ್ಲಿ ಜೀಪು ಎಂದರೆ ‘ಸಾಹೇಬ್ರ ಗಾಡಿ’ ಎಂಬ ಭಾವನೆ ಬೇರೂರಿದ್ದು ಆಗಲೇ.

ಹೊಲದ ಕೆಲಸವನ್ನು ಕಿತ್ತುಕೊಂಡದ್ದು ಟ್ರ್ಯಾಕ್ಟರ್. ಮಹೀಂದ್ರ 1963ರಿಂದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಜೊತೆ ಸೇರಿ ಟ್ರ್ಯಾಕ್ಟರಿಗೆ ಇಳಿಯಿತು. ಮುಂದೆ ಅದೇ ವಂಶದ ಡೀಸೆಲ್ ಎಂಜಿನ್ ಜೀಪಿನೊಳಗೂ ಬಂತು. ನಂತರದ ದಶಕಗಳಲ್ಲಿ ಕಮಾಂಡರ್ ಜೀಪು, ಟ್ರ್ಯಾಕ್ಸ್, ಕ್ರೂಸರ್‌ಗಳು ಇಪ್ಪತ್ತು ಜನರನ್ನು ತುಂಬಿಕೊಂಡು ಹಳ್ಳಿಯಿಂದ ಹಳ್ಳಿಗೆ ಓಡಿದವು. ಅವುಗಳಲ್ಲಿ ಬಹುಪಾಲಿನವು ಹಿಂದಿನ ಎರಡೇ ಗಾಲಿಯಿಂದ ಎಳೆಯುವಂಥವು. ಸಂತೆಗೆ, ಜಾತ್ರೆಗೆ, ಕೂಲಿಗೆ ಜನ ಹೋದದ್ದು ಅವುಗಳಲ್ಲೇ. 1985ರಲ್ಲಿ ಬಂದ ಮಾರುತಿ ಜಿಪ್ಸಿಯನ್ನು ಈ ಕಡೆ ಪೊಲೀಸ್, ಅರಣ್ಯ, ಸೇನೆಯಲ್ಲಿ ಕಂಡವರೇ ಹೆಚ್ಚು. 2000ದ ಬೊಲೆರೊ, 2002ರ ಸ್ಕಾರ್ಪಿಯೊ ಜೀಪಿನ ಎತ್ತರವನ್ನು ಕಾರಿನ ಆರಾಮದ ಜೊತೆ ಬೆಸೆದವು. 2010ರಲ್ಲಿ ಮೊದಲ ಥಾರ್, 2020ರ ಅಕ್ಟೋಬರಿನಲ್ಲಿ ಎರಡನೇ ಪೀಳಿಗೆಯದು. ಇಂದಿನ ಪ್ರಶ್ನೆ ಗಟ್ಟಿಯಾಗಿ ಎದ್ದದ್ದು ಈ ಎರಡನೆಯದರಿಂದ. ಏಕೆಂದರೆ ಅದು ಏಸಿ, ಆಟೊಮ್ಯಾಟಿಕ್ ಗೇರು, ಟಚ್‌ಸ್ಕ್ರೀನು ಎಲ್ಲವನ್ನೂ ಕೊಟ್ಟು, ಆ ಸಣ್ಣ ಗೇರನ್ನೂ ಉಳಿಸಿಕೊಂಡಿತು.

ಮೂರು ತಾಲ್ಲೂಕಿನ ನೆಲ ಏನು ಬೇಡುತ್ತದೆ

ಹಳೆಯ ಗೋಕಾಕ ತಾಲ್ಲೂಕಿನಿಂದ ಮೂಡಲಗಿ 2018ರಲ್ಲಿ ಬೇರೆಯಾಯಿತು. ನೆಲ ಮಾತ್ರ ಅದಕ್ಕೆ ಬಹಳ ಮೊದಲೇ ಬೇರೆಯಾಗಿತ್ತು. ಗೋಕಾಕದ ಸುತ್ತ ಮರಳುಗಲ್ಲಿನ ಗುಡ್ಡ. ಘಟಪ್ರಭೆ 170 ಅಡಿಗೂ ಮಿಕ್ಕಿ ಧುಮುಕುವುದು ಅದೇ ಬಂಡೆಯ ಮೇಲಿಂದ. ಯೋಗಿಕೊಳ್ಳ, ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಕಡೆಯ ಗುಡ್ಡಗಾಡು ಕಲ್ಲು, ಕುರುಚಲು, ಕೊರಕಲು. ಇಲ್ಲಿ ಬೇಕಾದದ್ದು ಗಾಡಿಯ ಹೊಟ್ಟೆಗೆ ಕಲ್ಲು ತಾಗದಷ್ಟು ಎತ್ತರ, ನಿಧಾನವಾಗಿ ಏರುವ ಬಲ. ಹುಕ್ಕೇರಿಯ ಪಶ್ಚಿಮದಲ್ಲಿ ಕೆಂಪು ನೆಲ, ಇಳಿಜಾರು. ಮಳೆ ಬಂದ ಮರುದಿನ ಬಸಿದು ಗಟ್ಟಿಯಾಗುತ್ತದೆ. ಜೊತೆಗೆ ಯಮಕನಮರಡಿ, ಸಂಕೇಶ್ವರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಆ ತಾಲ್ಲೂಕಿನ ಬೆನ್ನೆಲುಬು. ಅಲ್ಲಿಯ ಗಾಡಿಗಳು ಬೆಳಗಾವಿ, ಕೊಲ್ಹಾಪುರಗಳ ನಡುವೆ ಡಾಂಬರಿನಲ್ಲೇ ಸವೆಯುತ್ತವೆ.

ಮೂಡಲಗಿಯದು ಎರಿ. ಈ ಕಪ್ಪು ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ನೆನೆದ ಎರಿಯಲ್ಲಿ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಟೈರಿನ ಗೀರುಗಳೆಲ್ಲ ಮುಚ್ಚಿ ಅದು ನುಣ್ಣನೆಯ ಉಂಡೆಯಾಗುತ್ತದೆ. ನಾಲ್ಕು ಗಾಲಿ ಎಳೆದರೂ ನಾಲ್ಕೂ ಜಾರುತ್ತವೆ. ನೆಲ ಹಿಡಿಯುವ ಟೈರಿಲ್ಲದ ನಾಲ್ಕು ಗಾಲಿ ಇಲ್ಲಿ ನಾಲ್ಕು ಕಡೆ ಹೂತುಕೊಳ್ಳುವ ಗಾಡಿ, ಅಷ್ಟೆ. ಎತ್ತರದ ಹಲ್ಲುಗಳ ದೊಡ್ಡ ಗಾಲಿಯ ಟ್ರ್ಯಾಕ್ಟರನ್ನೇ ಎರಿ ಒಪ್ಪುವುದು.

ಇದು ಮಳೆನೆರಳಿನ ಸೀಮೆ. ಗುಡ್ಡದಾಚೆಯ ಅಂಬೋಲಿಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಸುರಿದರೆ ಗೋಕಾಕ, ಮೂಡಲಗಿಗೆ ಸಿಗುವುದು ಅದರ ಒಂದು ಚಿಕ್ಕ ಪಾಲು. ಮಳೆಯ ಲೆಕ್ಕದಲ್ಲಿ ಕೆಸರಿನ ದಿನಗಳು ಕೆಲವೇ ಆಗಬೇಕಿತ್ತು. ಹಾಗಾಗದೆ ಇರುವುದಕ್ಕೆ ಕಾರಣ ಕಾಲುವೆ. 1897ರಲ್ಲಿ ಮುಗಿದ ಧೂಪದಾಳದ ಒಡ್ಡಿನಿಂದ ಹೊರಟ ಎಡದಂಡೆ ಕಾಲುವೆ, ಮುಂದೆ 51 ಟಿಎಂಸಿ ಸಾಮರ್ಥ್ಯದ ಹಿಡಕಲ್ ಜಲಾಶಯದ ನೀರು ಈ ಭೂಮಿಯನ್ನು ಕಬ್ಬಿನ ನಾಡಾಗಿಸಿದವು. ಕಬ್ಬಿಗೆ ನೀರು ಬಿಟ್ಟಾಗ ಪಕ್ಕದ ಬಂಡಿ ದಾರಿಯೂ ನೆನೆಯುತ್ತದೆ. ಉರಿ ಬಿಸಿಲಿನ ಏಪ್ರಿಲಿನಲ್ಲೂ ಹಳ್ಳಿಯ ಒಂದು ಮಗ್ಗುಲು ಧೂಳು, ಇನ್ನೊಂದು ಮಗ್ಗುಲು ಮೊಣಕಾಲುದ್ದ ರಾಡಿ. ಇಲ್ಲಿಯ ಕೆಸರಿನ ನಕ್ಷೆ ಮಳೆಯ ನಕ್ಷೆಯನ್ನು ಅನುಸರಿಸುವುದಿಲ್ಲ, ಕಾಲುವೆಯ ನಕ್ಷೆಯನ್ನು ಅನುಸರಿಸುತ್ತದೆ. ನಾಲ್ಕು ಗಾಲಿ ಯಾರಿಗೆ ಎಷ್ಟು ಸಲ ಬೇಕು ಎಂಬುದು ಅವರ ಹೊಲ ಕಾಲುವೆಯ ಯಾವ ಕಡೆಗಿದೆ ಎಂಬುದರ ಮೇಲೆ ನಿಂತಿದೆ. ಊರಿನ ಸರಾಸರಿ ತೆಗೆದರೆ ಈ ಸತ್ಯ ಅಳಿಸಿಹೋಗುತ್ತದೆ.

ಗತ್ತಿನ ವಾದ

ಅಷ್ಟೇನೂ ಬಳಸದ ವ್ಯವಸ್ಥೆಗೆ ಹಣ ಕೊಡುವುದೇಕೆ ಎಂಬುದಕ್ಕೆ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ವಿವರಣೆ ಇದು. ಗಾಡಿ ಕೊಂಡದ್ದು ಓಡಿಸಲಿಕ್ಕಲ್ಲ, ನಿಲ್ಲಿಸಲಿಕ್ಕೆ. ಪಾಶ್ಚಾತ್ಯ ಸಮಾಜಶಾಸ್ತ್ರದಲ್ಲಿ ಇದರ ಬೇರು 1899ರಲ್ಲಿ ಥಾರ್ಸ್ಟೀನ್ ವೆಬ್ಲನ್ ಬರೆದ ಪ್ರದರ್ಶನದ ಖರ್ಚಿನ ಸಿದ್ಧಾಂತದಲ್ಲಿದೆ. ಪತ್ರಕರ್ತ ಕೀತ್ ಬ್ರಾಡ್‌ಷರ್ 2002ರ ‘ಹೈ ಆಂಡ್ ಮೈಟಿ’ ಪುಸ್ತಕದಲ್ಲಿ ಅಮೆರಿಕದ ಕಾರು ಕಂಪನಿಗಳು ಎತ್ತರದ ಗಾಡಿಯನ್ನು ಕಾಡುಮೇಡಿನ ಚಿತ್ರ ತೋರಿಸಿ ಪಟ್ಟಣದವರಿಗೆ ಮಾರಿದ ಬಗೆಯನ್ನು ವಿವರಿಸಿದರು.

ನಮ್ಮ ಸೀಮೆಗೆ ಈ ವಾದ ಒಂದಷ್ಟು ಹೊಂದುತ್ತದೆ. ಸಾಹೇಬರ ಜೀಪಿನ ನೆನಪು, ಚುನಾವಣೆಯ ಮೆರವಣಿಗೆ, ಕಬ್ಬಿನ ಬಿಲ್ಲು ಕೈಗೆ ಬಂದ ವರ್ಷ, ಗುತ್ತಿಗೆದಾರಿಕೆಯ ಗಳಿಕೆ, ಮಗನ ಮದುವೆ ಇವೆಲ್ಲ ದೊಡ್ಡ ಗಾಡಿಯ ಕಡೆಗೇ ಕೈ ತೋರಿಸುತ್ತವೆ. ಪಕ್ಕದ ಮನೆಯವನು ಥಾರ್ ತಂದಮೇಲೆ ತನ್ನ ಹಳೆಯ ಕಾರು ಕುಗ್ಗಿದಂತೆ ಕಾಣುವುದು ಸುಳ್ಳಲ್ಲ.

ಆದರೆ ಗತ್ತಿನ ವಾದಕ್ಕೆ ವಿವರಿಸಲಾಗದ ಒಂದು ಸಂಗತಿ ಇದೆ. ಗತ್ತು ಕಣ್ಣಿಗೆ ಕಾಣಬೇಕು. ನಾಲ್ಕು ಗಾಲಿಯ ವ್ಯವಸ್ಥೆ ಗಾಡಿಯ ಕೆಳಗಿರುತ್ತದೆ, ದಾರಿಹೋಕರಿಗೆ ಕಾಣುವುದು ಹಿಂಬದಿಯ ಒಂದು ಸಣ್ಣ ಪಟ್ಟಿ ಮಾತ್ರ. ಗತ್ತಿಗಷ್ಟೇ ಆದರೆ ಎರಡು ಗಾಲಿಯ ಅದೇ ಥಾರ್ ಸಾಕಲ್ಲ?

ಎತ್ತರ ಸಾಕು ಎನ್ನುವವರು

ಆ ಪ್ರಶ್ನೆಗೆ ಮಾರುಕಟ್ಟೆಯೇ ಉತ್ತರ ಕೊಟ್ಟಿದೆ. 2023ರ ಜನವರಿಯಲ್ಲಿ ಮಹೀಂದ್ರ ಹಿಂದಿನ ಗಾಲಿ ಮಾತ್ರ ಎಳೆಯುವ ಥಾರನ್ನು 9.99 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ತಂದಿತು. ನಾಲ್ಕು ಗಾಲಿಯದಕ್ಕಿಂತ ಮೂರು ಲಕ್ಷಕ್ಕೂ ಮಿಕ್ಕಿ ಅಗ್ಗ. ಅದೇ ಮೈಕಟ್ಟು, ಅದೇ ಎತ್ತರ. ಜನ ಮುಗಿಬಿದ್ದು ಬುಕ್ ಮಾಡಿದರು. ಅದೇ ವರ್ಷದ ಜೂನ್‌ನಲ್ಲಿ ಬಂದ ಜಿಮ್ನಿ ಎಲ್ಲ ಮಾದರಿಯಲ್ಲೂ ನಾಲ್ಕು ಗಾಲಿಯ ವ್ಯವಸ್ಥೆ ಇಟ್ಟುಕೊಂಡೇ ಬಂತು. ಭಾರತದಲ್ಲಿ ಅದರ ಮಾರಾಟ ಬೇಗ ಸೊರಗಿತು. ಇಲ್ಲಿ ತಯಾರಾಗಿ ಜಪಾನಿಗೆ ಹೋದ ಅದೇ ಐದು ಬಾಗಿಲಿನ ಜಿಮ್ನಿಗೆ 2025ರ ಆರಂಭದಲ್ಲಿ ಕೆಲವೇ ದಿನಗಳಲ್ಲಿ 50,000 ಬುಕಿಂಗ್ ಬಂದು ಸುಜುಕಿ ತಾತ್ಕಾಲಿಕವಾಗಿ ಆರ್ಡರ್ ನಿಲ್ಲಿಸಬೇಕಾಯಿತು. ನಾಲ್ಕು ಗಾಲಿಗೆ ಅಲ್ಲಿ ಕೆಲಸವಿದೆ: ಗುಡ್ಡಗಾಡಿನ ಊರುಗಳಲ್ಲಿ ತಿಂಗಳುಗಟ್ಟಲೆ ಹಿಮ ಬೀಳುತ್ತದೆ.

ತೆರಿಗೆಯೂ ಇದೇ ದಿಕ್ಕಿಗೆ ತಳ್ಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಲ್ಲಿ ನಾಲ್ಕು ಮೀಟರಿನೊಳಗಿನ, 1500 ಸಿಸಿವರೆಗಿನ ಡೀಸೆಲ್ ಗಾಡಿಗೆ ಶೇ 18. ಮೂರು ಬಾಗಿಲಿನ ಥಾರಿನ ಎರಡು ಗಾಲಿಯ ಡೀಸೆಲ್ ಮಾದರಿ ಈ ಗೆರೆಯೊಳಗೆ ಬರುತ್ತದೆ. ದೊಡ್ಡ ಎಂಜಿನ್ನಿನ ನಾಲ್ಕು ಗಾಲಿಯದು ಶೇ 40ರ ಸಾಲಿಗೆ ಬೀಳುತ್ತದೆ. ತೆರಿಗೆಯ ನಿಯಮ ಇಂಧನ, ಎಂಜಿನ್ ಗಾತ್ರ, ಉದ್ದ ಇವನ್ನೇ ನೋಡುತ್ತದೆ. ಕೆಸರಿನಲ್ಲಿ ಓಡಾಡಬೇಕಾದ ರೈತ ಯಾರು, ಹೆದ್ದಾರಿಯಲ್ಲಿ ಓಡಾಡುವವನು ಯಾರು ಎಂಬ ಭೇದ ಅದಕ್ಕಿಲ್ಲ. ಇದು ಸರಿಯಾದ ಧೋರಣೆ ಎಂದು ನನಗೆ ಅನ್ನಿಸುವುದಿಲ್ಲ.

ಎತ್ತರ ಸಾಕು ಎನ್ನುವವರ ಮಾತು ನೇರವಾಗಿದೆ: ನಮ್ಮ ಜನಕ್ಕೆ ಬೇಕಾದದ್ದು ಗುಂಡಿಗೆ ತಾಗದ ಎತ್ತರ, ಮುರಿಯದ ಚಾಸಿ, ಮುಂದೆ ದೂರಕ್ಕೆ ಕಾಣುವ ಆಸನ. ಅದನ್ನು ಎರಡು ಗಾಲಿಯ ಬೊಲೆರೊ ಇಪ್ಪತ್ತೈದು ವರ್ಷದಿಂದ ಕೊಡುತ್ತಿದೆ. ಹೊಲದ ಗೊಬ್ಬರ, ತರಕಾರಿ, ಹಾಲಿನ ಕ್ಯಾನು ಹೊರುವ ಪಿಕಪ್‌ಗಳೂ ಎರಡು ಗಾಲಿಯವೇ. ನನ್ನ ದೃಷ್ಟಿಯಲ್ಲಿ ಹುಕ್ಕೇರಿಯ ಹೆದ್ದಾರಿ ಬದಿಯ ಊರುಗಳಿಗೆ, ಗೋಕಾಕ ಪೇಟೆಗೆ ಇದು ಬಹುಮಟ್ಟಿಗೆ ಒಪ್ಪುವ ವಿವರಣೆ. ಕಾಲುವೆಯಂಚಿನ ಮೂಡಲಗಿಗೆ ಮಾತ್ರ ಪೂರ್ತಿ ಹೊಂದುವುದಿಲ್ಲ.

ಆಪತ್ತಿಗೆ ಇರಲಿ ಎನ್ನುವವರು

ಮನೆಯ ಅಟ್ಟದ ಮೇಲಿನ ದೊಡ್ಡ ಹಂಡೆ ವರ್ಷಕ್ಕೆ ಒಂದೇ ಸಲ ಕೆಳಗಿಳಿಯುತ್ತದೆ ಎಂದು ಯಾರೂ ಅದನ್ನು ಮಾರುವುದಿಲ್ಲ. ನಾಲ್ಕು ಗಾಲಿಯನ್ನೂ ಹಾಗೇ ನೋಡಬೇಕು ಎಂಬುದು ಮೂರನೆಯ ವಾದ. ಅಮೆರಿಕದ ಅರ್ಥಶಾಸ್ತ್ರಜ್ಞ ಬರ್ಟನ್ ವೈಸ್‌ಬ್ರಾಡ್ 1964ರಲ್ಲಿ ಇದಕ್ಕೊಂದು ತಾತ್ವಿಕ ನೆಲೆ ಕೊಟ್ಟ. ಬಳಸದೇ ಇದ್ದರೂ, ಬೇಕೆಂದಾಗ ಬಳಸಬಹುದು ಎಂಬ ಭರವಸೆಗೇ ಜನ ಬೆಲೆ ಕೊಡುತ್ತಾರೆ. ರಾತ್ರಿ ಹೊತ್ತು ತೋಟದ ಮನೆಯಲ್ಲಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಕೆಸರು ದಾಟಿ ಡಾಂಬರು ಮುಟ್ಟುವ ಆ ಒಂದು ಪ್ರಯಾಣಕ್ಕೆ ಬೆಲೆ ಕಟ್ಟುವುದು ಹೇಗೆ? ತೋಟದಲ್ಲೇ ಮನೆ ಮಾಡಿಕೊಂಡ ಕುಟುಂಬಗಳು ಮೂರೂ ತಾಲ್ಲೂಕಿನಲ್ಲಿ ಸಾಕಷ್ಟಿವೆ. ಅವರ ಮಟ್ಟಿಗೆ ಈ ವಾದವನ್ನು ತಳ್ಳಿಹಾಕುವುದು ಅನ್ಯಾಯ.

ಆದರೆ ಈ ಸೀಮೆಯ ಅತಿ ದೊಡ್ಡ ಆಪತ್ತು ಪ್ರವಾಹ. ಅಲ್ಲಿ ಈ ವಾದ ಕುಂಟುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಊರೊಳಗೇ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. 2021, 2024ರಲ್ಲೂ ನದಿ ಮತ್ತೆ ಮನೆಗಳಿಗೆ ಬಂತು. ಕೆಳಮಟ್ಟದ ಸೇತುವೆಗಳು ಮುಳುಗಿ ಸುಣಧೋಳಿ, ಅವರಾದಿ ಕಡೆಯ ಸಂಪರ್ಕ ಕಡಿಯುವುದು ಮಳೆಗಾಲದ ಪರಿಚಿತ ಸುದ್ದಿ. ಕಂಪನಿಯ ಲೆಕ್ಕದಲ್ಲಿ ಥಾರ್ ದಾಟಬಲ್ಲ ನೀರಿನ ಆಳ 650 ಮಿಲಿಮೀಟರ್, ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಅದೂ ನಿಂತ ನೀರಿನ ಮಾತು. ಹರಿಯುವ ನೀರು ಅದಕ್ಕಿಂತ ಕಡಿಮೆ ಆಳದಲ್ಲೇ ಗಾಡಿಯನ್ನು ತೇಲಿಸಿ ತಳ್ಳುತ್ತದೆ. ಪ್ರವಾಹದ ದಿನಗಳಲ್ಲಿ ಜನರನ್ನು, ದನಕರುಗಳನ್ನು, ಪಾತ್ರೆ ಪಗಡವನ್ನು ಸಾಗಿಸಿದ್ದು ಟ್ರ್ಯಾಕ್ಟರುಗಳು, ಆಮೇಲೆ ದೋಣಿಗಳು. ನಾಲ್ಕು ಗಾಲಿಯ ಭರವಸೆ ಮೇಲೆ ನೀರಿಗಿಳಿಯುವುದು ಜೀವಕ್ಕೆ ಅಪಾಯ. ಮಾಲೀಕರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹವ್ಯಾಸಿಗಳು

ಮೋಜಿಗಾಗಿ ರಸ್ತೆ ಬಿಟ್ಟು ಇಳಿಯುವವರ ಸಂಖ್ಯೆ ಕಡಿಮೆ, ಸದ್ದು ಹೆಚ್ಚು. ಮಹೀಂದ್ರದ ‘ಗ್ರೇಟ್ ಎಸ್ಕೇಪ್’ ಎಂಬ ಕೂಟ 1996ರಿಂದ ನಡೆದುಬಂದಿದೆ. ಗೋವಾದಲ್ಲಿ 2014ರಿಂದ ರೈನ್‌ಫಾರೆಸ್ಟ್ ಚಾಲೆಂಜ್ ಎಂಬ ಸ್ಪರ್ಧೆ ನಡೆಯುತ್ತಿದೆ. ಮನಸ್ಸಿಟ್ಟು ಆ ಸಣ್ಣ ಗೇರನ್ನು ಬಳಸುವವರು ಎಂದರೆ ಇವರೇ. ಆದರೆ ಇಳಿಯಲು ನೆಲವೆಲ್ಲಿ? ಕಾಯ್ದಿಟ್ಟ ಅರಣ್ಯಕ್ಕೆ ಅನುಮತಿಯಿಲ್ಲದೆ ಗಾಡಿ ಒಯ್ಯುವಂತಿಲ್ಲ. 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮ ಇಲ್ಲೇ ಧೂಪದಾಳದ ಹಿನ್ನೀರಿನಲ್ಲಿದೆ. ಅಲ್ಲಿ ಎಂಜಿನ್ನಿನ ಸದ್ದು ಬೇಡವೇ ಬೇಡ. ಉಳಿದದ್ದು ಗಾಯರಾಣ, ಅದು ಊರ ದನ ಮೇಯುವ ಜಾಗ. ಮೂಲ ವಿನ್ಯಾಸವನ್ನು ಬದಲಿಸಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಮಾಡಿ ಹೇಳಿದೆ. ಹೀಗಾಗಿ ನಮ್ಮ ಹವ್ಯಾಸಿಗಳು ಬಹುಪಾಲು ಸಂಕೇಶ್ವರ, ಆಜರಾ ಮೇಲೆ ಅಂಬೋಲಿಗೆ ಹೋಗಿ ಮಂಜು ನೋಡಿ ಬರುತ್ತಾರೆ. ದಾರಿಯುದ್ದಕ್ಕೂ ಡಾಂಬರು.

ದಾರಿಯೇ ಮುಖ್ಯ ಎನ್ನುವವರು

ಕೊನೆಯ ವಾದ ಗಾಡಿಯನ್ನು ಬಿಟ್ಟು ಹೊಲದ ದಾರಿಯ ಮೇಲೆ ಕಣ್ಣಿಡುತ್ತದೆ. ಪ್ರಶ್ನೆಯ ತಿರುಳು ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೊಲಕ್ಕೆ ಹೋಗುವ ರೂಢಿಯ ದಾರಿಗೆ ಯಾರಾದರೂ ಅಡ್ಡಿಮಾಡಿದರೆ ಮಾಮಲೇದಾರನೇ ವಿಚಾರಿಸಿ ತೆರವು ಮಾಡಿಸುವ ಅಧಿಕಾರ 1906ರ ಮಾಮಲೇದಾರ ನ್ಯಾಯಾಲಯ ಕಾಯ್ದೆಯಲ್ಲಿತ್ತು. ದಾರಿಯ ಜಗಳ ಆಗಲೇ ಅಷ್ಟು ದೊಡ್ಡದಾಗಿತ್ತು ಎಂದಾಯಿತು. ಇಂದಿಗೂ ಗ್ರಾಮ ನಕಾಶೆಯಲ್ಲಿ ಕಾಣುವ ಬಂಡಿ ದಾರಿಯನ್ನು ಬಿಡಿಸಿಕೊಡಿ ಎಂಬ ಅರ್ಜಿಗಳು ತಹಶೀಲ್ದಾರ ಕಚೇರಿಗೆ ಬರುತ್ತವೆ. ಚಕ್ಕಡಿ ಹೋಗುತ್ತಿದ್ದ ದಾರಿಯನ್ನು ಎರಡೂ ಕಡೆಯವರು ಒಂದೊಂದು ಸಾಲು ಒತ್ತಿ ಉಳುತ್ತ ಬಂದರೆ ಕೊನೆಗೆ ಉಳಿಯುವುದು ಬೈಕಿನ ಗೆರೆ. ಅಲ್ಲಿ ನಾಲ್ಕು ಗಾಲಿ ಎಳೆದರೇನು, ಎಳೆಯದಿದ್ದರೇನು, ಗಾಡಿಯೇ ಹಿಡಿಸುವುದಿಲ್ಲ.

ದಾರಿ ಸುಧಾರಿಸಿದ ಕಡೆಯೂ ಕಥೆ ಸರಳವಲ್ಲ. 2000ದಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲೆ ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಬಂದವು. ಉದ್ಯೋಗ ಖಾತ್ರಿಯಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಹೆಸರಿನ ಕೆಲಸಗಳೂ ನಡೆದವು. ಊರಿಂದ ಊರಿಗೆ ಡಾಂಬರು ಬಂತು, ಹಲವು ಹೊಲದ ದಾರಿಗೆ ಗರಸು ಬಿತ್ತು. ಆದರೆ ಕಬ್ಬು ನುರಿಸುವ ಹಂಗಾಮು ಶುರುವಾದರೆ ಚಳಿಗಾಲ ಮುಗಿಯುವವರೆಗೆ ಎರಡೆರಡು ಟ್ರೇಲರ್ ಹೂಡಿದ ಟ್ರ್ಯಾಕ್ಟರುಗಳು ಅದೇ ದಾರಿಯಲ್ಲಿ ಕಾರ್ಖಾನೆಗೆ ಸಾಗುತ್ತವೆ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆ, ಬೆಲ್ಲದ ಬಾಗೇವಾಡಿಯ ವಿಶ್ವರಾಜ, ಹುಣಶ್ಯಾಳದ ಸತೀಶ ಶುಗರ್ಸ್ ಹೀಗೆ ಯಾವ ದಿಕ್ಕಿಗೆ ನೋಡಿದರೂ ಒಂದು ಚಿಮಣಿ. ಯಾದವಾಡ ಕಡೆ ಸುಣ್ಣದಕಲ್ಲು, ಸಿಮೆಂಟಿನ ಲಾರಿಗಳು ಬೇರೆ. ಒಂದು ಹಂಗಾಮಿನ ಭಾರಕ್ಕೆ ಗರಸು ಹುದುಗಿಹೋಗಿ, ಅಡಿ ಆಳದ ಗಾಲಿ ಜಾಡುಗಳು ಉಳಿಯುತ್ತವೆ.

ಈಗ ಯಾರು ಆ ದಾರಿಯಲ್ಲಿ ದಿನವೂ ಹೋಗುತ್ತಾರೆ ಎಂದು ನೋಡಿ. ಕಬ್ಬು ಕಡಿಯುವ ಗ್ಯಾಂಗು ಟ್ರೇಲರಿನಲ್ಲಿ, ಕಳೆ ತೆಗೆಯುವ ಹೆಣ್ಣುಮಕ್ಕಳು ಟಂಟಂನಲ್ಲಿ, ಹಾಲಿನ ಹುಡುಗ ಬೈಕಿನಲ್ಲಿ, ಶಾಲೆಯ ಮಕ್ಕಳು ನಡೆದು. ಈ ಮೂರು ತಾಲ್ಲೂಕಿನಲ್ಲಿ ಅತಿ ಕೆಟ್ಟ ನೆಲದ ಮೇಲೆ ಅತಿ ಹೆಚ್ಚು ಓಡಾಡುವವರ ಬಳಿ ನಾಲ್ಕು ಗಾಲಿಯ ಗಾಡಿ ಇಲ್ಲ. ಅದು ಇರುವವರಲ್ಲಿ ಹೆಚ್ಚಿನವರ ಮನೆ ಡಾಂಬರಿನ ಬದಿಗಿದೆ, ಹೊಲಕ್ಕೆ ಹೋಗಲು ಆಳು ಇದ್ದಾನೆ. ಕೆಲವರಿಗೆ ಮಾತ್ರ ಎರಡೂ ಕೂಡಿಬಂದಿವೆ: ಕಾಲುವೆಯಾಚೆಯ ತೋಟ, ಮತ್ತು ಅಂಥ ಗಾಡಿ ಕೊಳ್ಳುವ ಶಕ್ತಿ. ಅವರು ಆ ಗೇರನ್ನು ನಿಜವಾಗಿ ಹಾಕುತ್ತಾರೆ, ನೀರು ಬಿಟ್ಟ ವಾರವೆಲ್ಲ ಹಾಕುತ್ತಾರೆ. ಆದರೆ ಅವರು ಸಹ ಪಂಚಾಯಿತಿ ಎಲ್ಲರಿಗೂ ಮಾಡಬೇಕಿದ್ದ ದಾರಿಯನ್ನು ತಮ್ಮೊಬ್ಬರಿಗೆ ಹಣ ಕೊಟ್ಟು ಕೊಂಡಂತಾಯಿತು. ಅವರ ಗಾಡಿ ದಾಟಿದ ಮೇಲೆ ಹಿಂದೆ ಬರುವವಳಿಗೆ ಕೆಸರು ಇನ್ನಷ್ಟು ಆಳ.

ಹೊಲಕ್ಕೆಂದೇ ಕೊಳ್ಳುವ ನಾಲ್ಕು ಗಾಲಿಯೂ ಇದೆ, ಅದು ಟ್ರ್ಯಾಕ್ಟರಿನಲ್ಲಿ. ಹಸಿ ಗದ್ದೆಯಿಂದ ತುಂಬಿದ ಟ್ರೇಲರ್ ಎಳೆದು ಹೊರತರಲು ‘ಫೋರ್ ವೀಲ್ ಟ್ರ್ಯಾಕ್ಟರ್’ ಕೊಳ್ಳುವ ರೈತರು, ಬಾಡಿಗೆಗೆ ಓಡಿಸುವವರು ಹೆಚ್ಚುತ್ತಿದ್ದಾರೆ. ಅಲ್ಲಿ ಎಷ್ಟು ಸಲ ಬಳಸುತ್ತೀರಿ ಎಂಬ ಪ್ರಶ್ನೆಯೇ ಏಳುವುದಿಲ್ಲ. ಜಾತ್ರೆಗಳಲ್ಲಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖ ಓಡಿಸುವ ಸ್ಪರ್ಧೆಗೆ ಜನ ಸೇರುವುದನ್ನು ಕಂಡವರಿಗೆ, ಈ ಸೀಮೆಯ ಚಾಲನಾ ಕೌಶಲ ಎಲ್ಲಿ ನೆಲೆಸಿದೆ ಎಂದು ಹೇಳಬೇಕಿಲ್ಲ.

ಇನ್ನೂ ತೀರದ ಪ್ರಶ್ನೆಗಳು

ಗತ್ತು, ಎತ್ತರ, ಭರವಸೆ, ಹವ್ಯಾಸ, ದಾರಿ ಇಷ್ಟೂ ವಾದಗಳನ್ನು ಒಟ್ಟಿಗೆ ಇಟ್ಟರೂ ಕೆಲವು ಗಂಟುಗಳು ಹಾಗೇ ಉಳಿಯುತ್ತವೆ.

ಮೊದಲನೆಯದು ಅಳತೆ. ಆರ್‌ಸಿಯಲ್ಲಿ ಗಾಡಿಯ ಮಾದರಿ ಇರುತ್ತದೆ, ಅದು ಎಲ್ಲಿ ಓಡಿತು ಎಂಬುದು ಇರುವುದಿಲ್ಲ. ಇಂಟರ್‌ನೆಟ್ಟಿಗೆ ಬೆಸೆದ ಹೊಸ ಗಾಡಿಗಳಲ್ಲಿ ಗೇರು, ವೇಗ, ಸ್ಥಳದ ಮಾಹಿತಿ ಕಂಪನಿಗೆ ತಲುಪಬಲ್ಲದು. ಮಾಲೀಕರ ಖಾಸಗಿತನವನ್ನು ಕಾಪಾಡಿ ಆ ಲೆಕ್ಕವನ್ನು ಹೊರಗಿಡಲು ಕಂಪನಿಗಳು ಒಪ್ಪುತ್ತವೆಯೇ?

ಎರಡನೆಯದು, ಸಲ ಎಣಿಸುವುದೇ ಸರಿಯಾದ ಅಳತೆಯೇ ಎಂಬುದು. ವರ್ಷದಲ್ಲಿ ಒಂದೇ ರಾತ್ರಿ ಬಳಸಿ ಒಂದು ಜೀವ ಉಳಿಸಿದ ಗಾಡಿ, ಐವತ್ತು ಸಲ ಸುಮ್ಮನೆ ಗುಡ್ಡ ಹತ್ತಿ ಇಳಿದ ಗಾಡಿ, ಇವೆರಡನ್ನೂ ಒಂದೇ ಕೋಲಿನಿಂದ ಅಳೆಯಲು ಭರವಸೆಯ ವಾದದವರು ಒಪ್ಪುವುದಿಲ್ಲ. ಗತ್ತಿನ ವಾದದವರು ಅಂಥ ರಾತ್ರಿಗಳು ಎಷ್ಟು ಬಂದವು ಎಂದು ಮರುಪ್ರಶ್ನೆ ಹಾಕುತ್ತಾರೆ.

ಹೊಲದ ದಾರಿಗಳು ಗಟ್ಟಿಯಾದಂತೆ ಈ ಗಾಡಿಗಳ ಬೇಡಿಕೆ ಇಳಿಯುತ್ತದೆಯೇ ಎಂಬುದೂ ತೀರ್ಮಾನವಾಗಿಲ್ಲ. ಇಲ್ಲಿಯವರೆಗೆ ಕಂಡದ್ದು ತದ್ವಿರುದ್ಧ. ಡಾಂಬರು ಹೆಚ್ಚಿದ ವರ್ಷಗಳಲ್ಲೇ ಥಾರ್‌ಗಳೂ ಹೆಚ್ಚಿದವು. ರಸ್ತೆ, ನೀರಾವರಿ, ಕಬ್ಬಿನ ಹಣ, ಸುಲಭ ಸಾಲ ಒಟ್ಟಿಗೇ ಬಂದಿರುವಾಗ ಯಾವುದು ಯಾವುದಕ್ಕೆ ಕಾರಣ ಎಂದು ಬಿಡಿಸುವುದು ಕಷ್ಟ.

ಕಡೆಯದು ಯಂತ್ರದ್ದೇ. 2025ರ ಜೂನ್‌ನಲ್ಲಿ ಬಂದ ವಿದ್ಯುತ್ ಚಾಲಿತ ಹ್ಯಾರಿಯರ್‌ನ ಮೇಲಿನ ಮಾದರಿಯಲ್ಲಿ ಮುಂದಿನ ಆಕ್ಸಲ್‌ಗೆ ಒಂದು, ಹಿಂದಿನದಕ್ಕೆ ಒಂದು ಮೋಟಾರು. ಸಣ್ಣ ಗೇರೇ ಇಲ್ಲ, ಯಾವ ಆಕ್ಸಲ್ಲಿಗೆ ಎಷ್ಟು ಬಲ ಎಂಬುದನ್ನು ಕಂಪ್ಯೂಟರು ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ, ಒಣ ಡಾಂಬರಿನಲ್ಲೂ ನಾಲ್ಕು ಗಾಲಿ ಎಳೆಯಬಹುದು. ಇಂಥವು ಹೆಚ್ಚಿದರೆ, ಮಾಲೀಕನ ನಿರ್ಧಾರದ ಗುರುತಾಗಿದ್ದ ಆ ಗೇರಿನ ಸಾಕ್ಷಿ ಇಲ್ಲವಾಗುತ್ತದೆ. ಆಗ ಎಷ್ಟು ಸಲ ಎಂಬ ಪ್ರಶ್ನೆಯನ್ನು ಗಾಡಿಯನ್ನು ಬಿಟ್ಟು ನೆಲವನ್ನು ನೋಡಿಯೇ ಕೇಳಬೇಕಾಗುತ್ತದೆ: ಮೂಡಲಗಿಯ ಕಾಲುವೆಯ ಕೆಳಗಿನ ಹೊಲಗಳಲ್ಲಿ ವರ್ಷಕ್ಕೆ ಎಷ್ಟು ದಿನ ದಾರಿ ನೆನೆದಿರುತ್ತದೆ, ಆ ದಿನಗಳಲ್ಲಿ ಯಾರು ಹೇಗೆ ದಾಟುತ್ತಾರೆ ಎಂದು.